ಲ್ಯಾಬ್ ಅಕ್ಕ ಹಿಂದಿನ ಬೆಂಚಿನಲ್ಲಿ ಕೂತಾಗ

ನಮ್ಮ ಶಾಲೆಯ ವಿಜ್ಞಾನ ಪ್ರಯೋಗಾಲಯದ ಬೀಗದ ಕೈ ಮೂವತ್ತೊಂದು ವರ್ಷದಿಂದ ಒಬ್ಬರ ಸೊಂಟದಲ್ಲೇ ಇತ್ತು. ಅವರ ಹುದ್ದೆಗೆ ಪ್ರಯೋಗಾಲಯ ಸಹಾಯಕಿ ಎಂಬ ಗಂಭೀರವಾದ ಹೆಸರಿತ್ತು. ಆದರೆ ಆ ಹೆಸರು ಹಾಜರಿ ಪುಸ್ತಕ ಬಿಟ್ಟು ಹೊರಗೆ ಕಾಲಿಟ್ಟದ್ದನ್ನು ನಾನಂತೂ ಕಂಡಿಲ್ಲ. ಮಕ್ಕಳಿಗೆ, ಟೀಚರುಗಳಿಗೆ, ಟಪಾಲು ತರುವವನಿಗೆ, ಕೊನೆಗೆ ಅವರಿಗಿಂತ ಎರಡು ವರ್ಷ ದೊಡ್ಡವನಾದ ಗೇಟಿನ ಕಾವಲುಗಾರನಿಗೆ ಕೂಡ ಅವರು ಲ್ಯಾಬ್ ಅಕ್ಕ.

ನಾನು ಅಲ್ಲಿ ಭಾಷೆ ಕಲಿಸುತ್ತೇನೆ. ನನ್ನ ತರಗತಿಗೂ ಲ್ಯಾಬಿಗೂ ನಡುವೆ ಒಂದೇ ಗೋಡೆ. ನಾನು ಪದ್ಯ ಓದುವಾಗ ಆ ಕಡೆಯಿಂದ ಗಾಜಿನ ನಳಿಕೆಗಳ ಕಿಣಿಕಿಣಿ ಕೇಳುತ್ತದೆ. ಒಮ್ಮೊಮ್ಮೆ ಒಂದು ಫಳ್ ಎನ್ನುವ ಸದ್ದು, ಅದರ ಬೆನ್ನಿಗೇ ಅಕ್ಕನ ದನಿ: "ಅಲ್ಲಾಡ್ಬೇಡ! ಇದ್ದಲ್ಲೇ ನಿಂತ್ಕೋ! ಕಾಲಿಗೆ ಚುಚ್ಚತ್ತೆ!"

ಒಡೆದದ್ದು ಏನೇ ಇರಲಿ, ಅದಕ್ಕೊಂದು ಪುಸ್ತಕವಿತ್ತು. ತಾರೀಖು, ಸಾಮಾನು, ಒಡೆದವರು, ಕಾರಣ ಎಂದು ನಾಲ್ಕು ಕಾಲಂ. ಮೊದಲ ಮೂರನ್ನು ಯಾರು ಬೇಕಾದರೂ ತುಂಬಬಹುದು. ನಾಲ್ಕನೆಯದರಲ್ಲಿ ಅಕ್ಕನ ಕೈಚಳಕ ಕಾಣುತ್ತಿತ್ತು. "ಕಾರಣ: ಗೆಳತಿಯ ಮಾತಿಗೆ ನಕ್ಕದ್ದು." "ಕಾರಣ: ಬಿಸಿ ಇದೆ ಎಂದು ಹೇಳಿದ ಮೇಲೆ ಹೌದೋ ಅಲ್ಲವೋ ನೋಡಿದ್ದು." ಒಂದು ಕಡೆ "ಕಾರಣ: ದೊಡ್ಡ ಮೇಷ್ಟ್ರ ಮೊಣಕೈ" ಎಂದಿತ್ತು. ಅದನ್ನು ಓದಿ ದೊಡ್ಡ ಮೇಷ್ಟ್ರೇ ಕೆಳಗೆ ಸಹಿ ಹಾಕಿದ್ದರು.

ಅಕ್ಕ ಹತ್ತನೇ ತರಗತಿಯಲ್ಲಿ ವಿಜ್ಞಾನಕ್ಕೆ ಎರಡು ಸಲ ಕೂತು ಎರಡು ಸಲವೂ ಫೇಲಾದವರು. ಅದನ್ನು ಮುಚ್ಚಿಟ್ಟವರಲ್ಲ. "ವಿಜ್ಞಾನ ನನ್ನ ಕೈ ಬಿಡ್ತು ಸಾರ್. ನಾನು ಮಾತ್ರ ಅದರ ಕೈ ಬಿಡ್ಲಿಲ್ಲ" ಎನ್ನುತ್ತಿದ್ದರು. ಇಪ್ಪತ್ತೈದನೇ ವಯಸ್ಸಿನಲ್ಲಿ, ರಜೆಯ ಮೇಲೆ ಹೋದ ಯಾರದೋ ಜಾಗಕ್ಕೆ ಎರಡು ತಿಂಗಳ ಮಟ್ಟಿಗೆ ಬಂದವರು. ರಜೆ ಹೋದವರು ವಾಪಸು ಬರಲಿಲ್ಲ. ಇವರು ಹೋಗಲಿಲ್ಲ. ಆಗ ತಾನೇ ಸೇರಿದ್ದ ವಿಜ್ಞಾನದ ಮೇಷ್ಟ್ರು ಒಂದೊಂದೇ ಬಾಟಲಿ ಕೈಗೆ ಕೊಟ್ಟು, ಯಾವುದು ಸುಡುತ್ತದೆ, ಯಾವುದು ಆವಿಯಾಗುತ್ತದೆ, ಯಾವುದರ ಪಕ್ಕ ಯಾವುದನ್ನು ಇಡಬಾರದು ಎಂದು ಕಲಿಸಿದರು. ಅವರೇ ಈಗ ಟೀಚರುಗಳಲ್ಲೆಲ್ಲ ಹಿರಿಯರಾದ ದೊಡ್ಡ ಮೇಷ್ಟ್ರು. ಹೀಗಾಗಿ ಅಕ್ಕನಿಗೆ ಅವರ ಮೇಲೆ ಭಕ್ತಿಗೆ ಒಂದೇ ಒಂದು ಕೂದಲು ಕಡಿಮೆ ಎನ್ನುವಷ್ಟು ಗೌರವ.

ದೊಡ್ಡ ಮೇಷ್ಟ್ರು ಎಲ್ಲವನ್ನೂ ಕ್ರಮವಾಗಿ ಮಾಡುವವರು. ಅವರ ಪಾಠ ಯೋಜನೆಗೆ ಐದು ಹೆಜ್ಜೆ. ಮೊದಲು ಮಕ್ಕಳಿಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಎಂದು ವಿಶ್ಲೇಷಣೆ. ಎರಡನೆಯದು ಪಾಠದ ನಕ್ಷೆ. ಮೂರನೆಯದು ಚಾರ್ಟು, ಸಾಮಾನುಗಳ ತಯಾರಿ. ನಾಲ್ಕನೆಯದು ಪಾಠ. ಐದನೆಯದು, ತಲೆಗೆ ಎಷ್ಟು ಹತ್ತಿತು ಎಂಬ ಅಳತೆ. ಒಂದೊಂದು ಹೆಜ್ಜೆಗೆ ಒಂದೊಂದು ಬಣ್ಣದ ಕಾಗದ. ಅವರ ಕಪಾಟು ತೆಗೆದರೆ ಬಣ್ಣದ ಅಂಗಡಿಯ ಬಾಗಿಲು ತೆಗೆದ ಹಾಗೆ.

ಆ ವರ್ಷ ವಿಜ್ಞಾನಕ್ಕೇ ಹೊಸ ಟೀಚರ್ ಒಬ್ಬಳು ಬಂದಳು. ಇಪ್ಪತ್ತೇಳು ವಯಸ್ಸು, ಪಟಪಟ ಮಾತು, ಮೆಟ್ಟಿಲನ್ನು ಎರಡೆರಡಾಗಿ ಹತ್ತುವ ಕಾಲು. ಅವಳು ಪಾಠವನ್ನು ತಲೆಕೆಳಗಾಗಿ ಯೋಚಿಸುತ್ತಿದ್ದಳು. ಪಾಠ ಮುಗಿದ ದಿನ ಮಗು ಏನು ಮಾಡಿ ತೋರಿಸಬೇಕು? ಮೊದಲು ಅದು ಗೊತ್ತಾಗಬೇಕು. ಮಾಡಿತು ಎನ್ನುವುದಕ್ಕೆ ಸಾಕ್ಷಿ ಏನು? ಆಮೇಲೆ ಅದು. ಎಲ್ಲಕ್ಕಿಂತ ಕೊನೆಗೆ, ಅಲ್ಲಿಂದ ಹಿಂದಕ್ಕೆ ಹೆಜ್ಜೆ ಹಾಕುತ್ತ ದಿನದ ಪಾಠ ಹೆಣೆಯುವುದು.

ಇಬ್ಬರದೂ ಎಣ್ಣೆ ಸೀಗೇಕಾಯಿ ಸಂಬಂಧವೇನಲ್ಲ. ಒಬ್ಬರಿಗೊಬ್ಬರು ಚಹಾ ಸೋಸಿ ಕೊಡುತ್ತಿದ್ದರು. ಆದರೆ ಕೊಡುವಾಗಲೂ ವಾದ ನಿಲ್ಲುತ್ತಿರಲಿಲ್ಲ.

"ಅಡಿಪಾಯ ಇಲ್ದೆ ಸೂರು ಕಟ್ತೀಯೇನಮ್ಮಾ?"

"ಮನೆ ಎಷ್ಟಂತಸ್ತು ಅಂತ ಗೊತ್ತಿಲ್ದೆ ಅಡಿಪಾಯ ಎಷ್ಟಾಳ ತೋಡ್ತೀರಿ ಸಾರ್?"

ಆಟದ ಮೇಷ್ಟ್ರು ಕಪ್ಪನ್ನು ಹಿಡಿದುಕೊಂಡೇ ಹೊರಗೆ ಹೋಗಿಬಿಡುತ್ತಿದ್ದರು.

ಈ ವಾದ ಹೆಡ್ ಮೇಡಂ ಕಿವಿಗೆ ಬಿದ್ದಿತು. ಅವರು ಬೇರೆ ಅದೇ ಹೊತ್ತಿಗೆ, ಮುಂದಿನ ವರ್ಷದಿಂದ ಶಾಲೆಯವರೆಲ್ಲ ಒಂದೇ ಮಾದರಿಯಲ್ಲಿ ಪಾಠ ಯೋಜನೆ ಬರೆಯಬೇಕು ಎಂದು ಯೋಚಿಸುತ್ತಿದ್ದರು. ಇಬ್ಬರನ್ನೂ ಕರೆಸಿದರು.

"ಯಾವುದು ಒಳ್ಳೇದು ಅಂತ ನೀವಿಬ್ಬರೂ ಬಾಯಲ್ಲಿ ಹೇಳಿದ್ದು ಸಾಕು, ಮಾಡಿ ತೋರಿಸಿ. ಏಳನೇ ತರಗತಿ, ವಿದ್ಯುತ್ ಮಂಡಲದ ಪಾಠ. ಎ ವಿಭಾಗ ದೊಡ್ಡ ಮೇಷ್ಟ್ರಿಗೆ, ಬಿ ವಿಭಾಗ ನಿಮಗೆ. ನಾಲ್ಕು ನಾಲ್ಕು ಪೀರಿಯಡ್. ಆಮೇಲೆ ಎರಡೂ ವಿಭಾಗಕ್ಕೆ ನಾನೇ ಪರೀಕ್ಷೆ ಮಾಡ್ತೀನಿ. ಸಿ ವಿಭಾಗದ ಸರದಿ ಬರೋದು ಒಂದು ತಿಂಗಳು ಕಳೆದ ಮೇಲೆ. ಆ ಹೊತ್ತಿಗೆ ಯಾವ ಮಾದರಿ ಅಂತ ತೀರ್ಮಾನ ಆಗಿರ್ಬೇಕು."

ಹಿಂದೆ ಕೂತು ನೋಡಿ ಬರೆಯುವವರು ಯಾರು? ನನ್ನನ್ನು ಕೇಳಿದರು. ನನಗೆ ವಿದ್ಯುತ್ತಿನ ಬಗ್ಗೆ ಗೊತ್ತಿದ್ದದ್ದು ಸ್ವಿಚ್ಚಿನ ತನಕ ಮಾತ್ರ. ಗಣಿತದವರು ದೊಡ್ಡ ಮೇಷ್ಟ್ರ ಶಿಷ್ಯರು, ಚಿತ್ರಕಲೆಯವರು ಹೊಸ ಟೀಚರಿನ ಗೆಳತಿ. ಯಾರನ್ನು ಹಾಕಿದರೂ ಇನ್ನೊಂದು ಕಡೆಯವರ ಮುಖ ಊದಿಕೊಳ್ಳುವುದು ಖಂಡಿತ. ಕೊನೆಗೆ ಹೆಡ್ ಮೇಡಂ, "ಹೇಗೂ ಲ್ಯಾಬಲ್ಲೇ ಇರ್ತೀರಲ್ಲ, ನೀವೇ ಕೂತ್ಕೊಳ್ಳಿ" ಎಂದು ಅಕ್ಕನ ಕೈಗೆ ಇನ್ನೂರು ಪುಟದ ನೋಟ್‌ಬುಕ್ ಕೊಟ್ಟರು. "ಕಂಡದ್ದನ್ನ ಕಂಡ ಹಾಗೆ ಬರೀರಿ. ಯಾರು ಹೆಚ್ಚು, ಯಾರು ಕಡಿಮೆ ಅನ್ನೋದು ಬೇಡ."

ಅಕ್ಕ ಆ ನೋಟ್‌ಬುಕ್ಕನ್ನು ತೆರೆಯದೆ ಹಾಗೇ ಮನೆಗೆ ಒಯ್ದರು. ಆ ಸಂಜೆ ಮನೆಯಲ್ಲಿ ಏನಾಯಿತೆಂದು ಮರುದಿನ ಅವರೇ ನನಗೆ ಹೇಳಿದರು. ಅವರ ಯಜಮಾನರು ಬಸ್ ಓಡಿಸಿ ನಿವೃತ್ತರಾದವರು. ಹೆಂಡತಿ ತರಕಾರಿ ಹೆಚ್ಚುತ್ತ ಎರಡು ಮಾದರಿಯನ್ನೂ ವಿವರಿಸಿದಾಗ ಕಾಲ ಮೇಲೆ ಕಾಲು ಹಾಕಿಕೊಂಡು ಕೇಳಿದರಂತೆ.

"ನಾನು ಮೊದ್ಲು ಎಲ್ಲಿಗೆ ಅಂತ ಬೋರ್ಡು ಹಾಕಿ ಆಮೇಲೆ ಗಾಡಿ ತೆಗೀತಿದ್ದೆ. ಆ ಹುಡುಗಿ ನಮ್ಮ ಪೈಕಿ ಕಣೇ."

"ರೀ, ಟೈರು, ಬ್ರೇಕು, ಡೀಸೆಲ್ಲು ನೋಡ್ದೇ ಹೊರಡ್ತಿದ್ರಾ?"

"ಅದು ಡಿಪೋದವರ ಕೆಲ್ಸ."

"ಹಾಗಾದ್ರೆ ದೊಡ್ಡ ಮೇಷ್ಟ್ರು ಡಿಪೋದೋರು. ನಾನ್ಯಾರು ಇದ್ರಲ್ಲಿ?"

"ನೀನು ಹಿಂದಿನ ಸೀಟು. ಹೆದರ್ಕೋಬೇಡ್ವೇ, ರಸ್ತೇಲಿ ಎಲ್ಲೆಲ್ಲಿ ಗುಂಡಿ ಇದೆ ಅಂತ ಹಿಂದಿನ ಸೀಟಿನೋರಿಗೆ ಗೊತ್ತಾದಷ್ಟು ಡ್ರೈವರಿಗೂ ಗೊತ್ತಾಗಲ್ಲ."

ಸೋಮವಾರ ಎ ವಿಭಾಗದಿಂದ ಶುರುವಾಯಿತು. ದೊಡ್ಡ ಮೇಷ್ಟ್ರು ಒಂದು ವಾರ ಮೊದಲೇ ಪ್ರಶ್ನಾವಳಿ ಹಂಚಿದ್ದರು. ವಿದ್ಯುತ್ತು ಹರಿಯಲು ಸುತ್ತಿ ಬಂದು ಕೂಡುವ, ಮುಚ್ಚಿದ ದಾರಿ ಬೇಕು ಎಂಬುದು ನಿನಗೆ ಗೊತ್ತೆ? ಗೊತ್ತು, ಗೊತ್ತಿಲ್ಲ. ಮೂವತ್ತಾರು ಮಕ್ಕಳಲ್ಲಿ ಮೂವತ್ತನಾಲ್ಕು ಮಂದಿ 'ಗೊತ್ತು' ಎಂಬುದಕ್ಕೆ ಗುರುತು ಹಾಕಿದ್ದರು. ಹಾಗಾಗಿ ಮೇಷ್ಟ್ರು ಆ ಭಾಗವನ್ನು ಐದೇ ನಿಮಿಷದಲ್ಲಿ ಮುಗಿಸಿ ಮುಂದೆ ಹೋದರು. ಪಾಠವೇನೋ ನೀರು ಹರಿದ ಹಾಗೆ ನಡೆಯಿತು. ಬಲ್ಬು, ಸೆಲ್ಲು, ತಂತಿ ಎಲ್ಲವೂ ಎಣಿಸಿ ಇಟ್ಟಿದ್ದವು. ಗಂಟೆ ಹೊಡೆಯುವುದಕ್ಕೂ ಅವರು ಸೀಮೆಸುಣ್ಣ ಕೆಳಗಿಡುವುದಕ್ಕೂ ಸರಿಹೋಗುತ್ತಿತ್ತು.

ಬಿ ವಿಭಾಗದಲ್ಲಿ ಹೊಸ ಟೀಚರ್ ಮೊದಲ ದಿನವೇ ರಟ್ಟಿನ ಪೆಟ್ಟಿಗೆಯೊಂದನ್ನು ಮೇಜಿನ ಮೇಲೆ ಇಟ್ಟಳು. ಒಳಗೆ ಮೂರು ಕೋಣೆ.

"ನಾಲ್ಕನೇ ದಿನ ನೀವೆಲ್ಲ ಇಂಥದೊಂದು ಮನೆಗೆ ದೀಪ ಹಾಕ್ಬೇಕು. ಒಂದು ಕೋಣೆ ಬಲ್ಬ್ ತೆಗೆದ್ರೂ ಉಳಿದೆರಡು ಆರಬಾರದು. ಹೇಗೆ?"

ಮಕ್ಕಳು ಜೇನುಗೂಡಿಗೆ ಕಲ್ಲು ಬಿದ್ದಂತೆ ಎದ್ದರು. ಆ ಗದ್ದಲಕ್ಕೆ ನಾನು ನನ್ನ ಪದ್ಯವನ್ನು ಅರ್ಧಕ್ಕೇ ನಿಲ್ಲಿಸಿ ಮಕ್ಕಳಿಗೆ ಪ್ರಬಂಧ ಬರೆಯಲು ಹೇಳಬೇಕಾಯಿತು.

ಎರಡನೆಯ ದಿನ ಅವಳಿಗೆ ಸಾಮಾನು ಕೈ ಕೊಟ್ಟಿತು. ಒಂದು ಗುಂಪಿನವರು ಒಂದು ಬಲ್ಬಿಗೆ ಮೂರು ಸೆಲ್ ಜೋಡಿಸಿದರು. ಬಲ್ಬು ಒಂದು ಕ್ಷಣ ಸೂರ್ಯನಂತೆ ಹೊಳೆದು ಸುಟ್ಟುಹೋಯಿತು. ಅದರ ಚೆಂದ ನೋಡಿ ಪಕ್ಕದ ಗುಂಪಿನವರೂ ಹಾಗೇ ಮಾಡಿದರು, ಅವರ ಪಕ್ಕದವರೂ ಮಾಡಿದರು. ಅಕ್ಕ ಓಡಿ ಬಂದು ಸೆಲ್ ಕಿತ್ತುಕೊಳ್ಳುವಷ್ಟರಲ್ಲಿ ಏಳು ಬಲ್ಬು ಹೋಗಿದ್ದವು. ಹೊಸ ಟೀಚರ್ ಕೊನೆಯಿಂದ ಹಿಂದಕ್ಕೆ ಯೋಚಿಸುವ ಭರದಲ್ಲಿ ಹೆಚ್ಚುವರಿ ಒಂದೂ ತರಿಸಿರಲಿಲ್ಲ. ಪಾಪ, ಕೆನ್ನೆ ಕೆಂಪಾಗಿ ನಿಂತಳು.

ಅಕ್ಕ ಸ್ಟಾಫ್ ರೂಮಿಗೆ ಹೋಗಿ ದೊಡ್ಡ ಮೇಷ್ಟ್ರ ಕಿವಿಯಲ್ಲಿ ಏನೋ ಹೇಳಿದರು. ಮೇಷ್ಟ್ರು ಕಪಾಟಿನಿಂದ ಡಬ್ಬಿಯೊಂದನ್ನು ತೆಗೆದುಕೊಂಡು ತಾವೇ ಬಂದರು.

"ಹನ್ನೆರಡು ಇದೆ. ಎಷ್ಟು ಸುಡಬಹುದು ಅಂತ ಲೆಕ್ಕ ಹಾಕಿ ತರಿಸಿದ್ದು. ಇದನ್ನೇ ಮೂರನೇ ಹೆಜ್ಜೆ ಅನ್ನೋದು."

"ಮೂರನೇ ಹೆಜ್ಜೆಗೆ ನನ್ನ ದೊಡ್ಡ ನಮಸ್ಕಾರ ಸಾರ್" ಎಂದು ಅವಳು ಡಬ್ಬಿಗೇ ಕೈ ಮುಗಿದಳು. ಮಕ್ಕಳು ಹೋ ಎಂದು ನಕ್ಕರು, ಮೇಷ್ಟ್ರೂ ನಕ್ಕರು.

ನಾಲ್ಕು ದಿನ ಕಳೆದು ಪರೀಕ್ಷೆಯಾಯಿತು. ಹೆಡ್ ಮೇಡಂ ಇಪ್ಪತ್ತು ಅಂಕದ ಲಿಖಿತ ಪರೀಕ್ಷೆ ಕೊಟ್ಟರು. ಎರಡೂ ವಿಭಾಗದಿಂದ ಒಂಬತ್ತೊಂಬತ್ತು ಗುಂಪು ಮಾಡಿ ರಟ್ಟಿನ ಮನೆಗೆ ದೀಪ ಹಾಕಿಸುವ ಕೆಲಸವನ್ನೂ ಕೊಟ್ಟರು. ಬರೆಯುವುದರಲ್ಲಿ ಎ ವಿಭಾಗದ ಸರಾಸರಿ ಹದಿನೈದು, ಬಿ ವಿಭಾಗದ್ದು ಹನ್ನೆರಡು. ದೀಪ ಹಾಕುವುದರಲ್ಲಿ ಎ ವಿಭಾಗದ ಮೂರು ಗುಂಪು ಗೆದ್ದರೆ ಬಿ ವಿಭಾಗದ ಆರು ಗುಂಪು ಗೆದ್ದವು.

ಅಂದರೆ ಇಬ್ಬರೂ ಗೆದ್ದಿದ್ದರು. ತೊಂದರೆಯಾದದ್ದೇ ಅಲ್ಲಿ.

ಆ ದಿನ ಶಾಲೆ ಬಿಟ್ಟ ಮೇಲೆ ಅಕ್ಕ ನನ್ನ ತರಗತಿಯ ಬಾಗಿಲಲ್ಲಿ ನಿಂತರು. ಎದೆಗೆ ನೋಟ್‌ಬುಕ್ ಒತ್ತಿಕೊಂಡಿದ್ದರು.

"ಸಾರ್, ನಾಳೆ ಮೀಟಿಂಗಿಗೆ ಇದನ್ನ ಕೊಡ್ಬೇಕು. ಒತ್ತು, ದೀರ್ಘ ಎಲ್ಲ ಸ್ವಲ್ಪ ನೋಡ್ತೀರಾ?"

ಕೆಂಪು ಪೆನ್ನು ತೆಗೆದು ಓದತೊಡಗಿದೆ. ಎರಡು ಪುಟ ಓದುವಷ್ಟರಲ್ಲಿ ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟೆ. ಒಡೆದ ಸಾಮಾನಿನ ಪುಸ್ತಕದ ಧಾಟಿಯಲ್ಲೇ ಬರೆದಿದ್ದರು.

"ಹತ್ತು ಗಂಟೆ ಐದು ನಿಮಿಷ. ಎ ವಿಭಾಗ. ಮೂರನೇ ಮೇಜಿನ ಎರಡು ಜಡೆ ಹುಡುಗಿ ತಂತಿಯ ಪ್ಲಾಸ್ಟಿಕ್ ಸುಲಿಯದೆ ಕಟ್ಟಿದಳು. ಹತ್ತಲಿಲ್ಲ. ಕಾರಣ: ಒಳಗೆ ತಾಮ್ರ ಇದೆ ಎಂದು ಗೊತ್ತು, ಹೊರಗಿನದು ತಡೆಯುತ್ತದೆ ಎಂದು ಗೊತ್ತಿಲ್ಲ. ಪ್ರತಿ ವರ್ಷದಂತೆ.

"ಹತ್ತು ಹದಿನೈದು. ಅದೇ ಹುಡುಗಿ ಪಕ್ಕದವಳ ಪುಸ್ತಕ ನೋಡಿ ಚಿತ್ರ ಬರೆದಳು. ಮೇಷ್ಟ್ರು ಸರಿ ಗುರುತು ಹಾಕಿದರು. ಬಲ್ಬು ಹತ್ತಿಲ್ಲ.

"ಹನ್ನೊಂದು ಹತ್ತು. ಬಿ ವಿಭಾಗ. ಗಲಾಟೆ ಬಹಳ. ಕಾರಣ: ಕೆಲಸ ನಡೆಯುತ್ತಿದೆ. ಹನ್ನೊಂದು ಇಪ್ಪತ್ತು. ಗಲಾಟೆ ಬಹಳ. ಕಾರಣ: ಕೆಲಸ ನಿಂತಿದೆ. ಎರಡೂ ತಂತಿ ಸೆಲ್ಲಿನ ಒಂದೇ ತುದಿಗೆ. ನಾಲ್ಕು ಗುಂಪು. ಪ್ರತಿ ವರ್ಷದಂತೆ. ಟೀಚರ್ ಬೇರೆ ಮೇಜಿನಲ್ಲಿದ್ದರು."

ಇಪ್ಪತ್ತೆಂಟು ವರ್ಷ ಪಾಠ ಮಾಡಿದ ನನಗೆ, ನನ್ನ ತರಗತಿಯಲ್ಲಿ ನಡೆಯುವ ಎರಡು ಬಗೆಯ ಗಲಾಟೆಯ ವ್ಯತ್ಯಾಸ ಅಂದು ಹೊಳೆಯಿತು.

"ಅಕ್ಕಾ, ಇದ್ರಲ್ಲಿ ನಾನು ತಿದ್ದೋದು ಏನೂ ಇಲ್ಲ."

"ಅಯ್ಯೋ, ಅಷ್ಟೊಂದು ತಪ್ಪಿದೆಯಾ?"

"ಇಲ್ಲ. ಅಷ್ಟೊಂದು ಸರಿ ಇದೆ."

ಅವರ ಮುಖ ಸಪ್ಪಗಾಯಿತು. ಬೆಂಚಿನ ತುದಿಯಲ್ಲಿ ಕೂತರು. "ಅದೇ ಸಾರ್ ಕಷ್ಟ. ನನ್ನ ಕೈ ಹಿಡಿದು ಕಲಿಸಿದೋರು ಅವ್ರು. ಅವ್ರ ಪಾಠದಲ್ಲಿ ಬಲ್ಬ್ ಹತ್ಲಿಲ್ಲ ಅಂತ ನಾನು ಬರೆದಿದೀನಿ. ಎರಡು ಪುಟ ಹರಿದು ಹಾಕ್ಲಾ ಅನ್ಸತ್ತೆ."

"ಹರೀತೀರಾ?"

ನೋಟ್‌ಬುಕ್ಕನ್ನು ನನ್ನ ಕೈಯಿಂದ ತೆಗೆದುಕೊಂಡರು. "ಇಲ್ಲ ಬಿಡಿ. ಆ ಎರಡು ಜಡೆ ಹುಡುಗಿ ಬಲ್ಬು ಹತ್ತದೇ ಮನೆಗೆ ಹೋದ್ಲು. ಅದು ನಡೆದೇ ಇಲ್ಲ ಅಂತ ಹೇಗೆ ಮಾಡೋದು?"

ಮರುದಿನ ಮೀಟಿಂಗು. ಮೊದಲ ಹದಿನೈದು ನಿಮಿಷ ದೊಡ್ಡ ಮೇಷ್ಟ್ರು ಸರಾಸರಿ ಹದಿನೈದರ ಬಗ್ಗೆ, ಹೊಸ ಟೀಚರ್ ಆರು ಗುಂಪುಗಳ ಬಗ್ಗೆ ಮಾತಾಡಿದರು. ಇಬ್ಬರೂ ಇನ್ನೊಬ್ಬರ ಪರೀಕ್ಷೆಯೇ ಪರೀಕ್ಷೆಯಲ್ಲ ಎಂದು ಬಹಳ ಸಭ್ಯವಾಗಿ ಹೇಳಿದರು. ಆಮೇಲೆ ಹೆಡ್ ಮೇಡಂ, ಅಕ್ಕ ಬೆಳಿಗ್ಗೆಯೇ ಕೊಟ್ಟುಹೋಗಿದ್ದ ನೋಟ್‌ಬುಕ್ ತೆಗೆದು ಗಟ್ಟಿಯಾಗಿ ಓದತೊಡಗಿದರು. ಎರಡು ಗಲಾಟೆಯ ಸಾಲು ಬಂದಾಗ ಎಲ್ಲರೂ ಗೊಳ್ಳೆಂದು ನಕ್ಕರು. ಎರಡು ಜಡೆ ಹುಡುಗಿಯ ಸಾಲಿಗೆ ಯಾರೂ ನಗಲಿಲ್ಲ. ದೊಡ್ಡ ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಆ ಗಾಜು ಮೊದಲೇ ಸ್ವಚ್ಛವಾಗಿತ್ತು.

"ಅಕ್ಕನ್ನ ಕರೀರಿ" ಎಂದರು ಹೆಡ್ ಮೇಡಂ.

ಅಕ್ಕ ಬಂದು ಬಾಗಿಲ ಬಳಿ ನಿಂತರು. ಗಾಜು ತೊಳೆಯುತ್ತಿದ್ದ ಕೈ ಇನ್ನೂ ಒದ್ದೆ.

"ಇಲ್ಲಿ ಹನ್ನೊಂದು ಕಡೆ 'ಪ್ರತಿ ವರ್ಷದಂತೆ' ಅಂತ ಬರೆದಿದೀರಿ. ಹಾಗಂದ್ರೆ ಏನು?"

"ಹಾಗಂದ್ರೆ... ಪ್ರತಿ ವರ್ಷ ಹಾಗೇ ಮಾಡ್ತಾರೆ ಮೇಡಂ."

"ನಿಮಗೆ ಹೇಗೆ ಗೊತ್ತು?"

ಅಕ್ಕ ಅದೇನು ಕೇಳುವ ಮಾತೇ ಎನ್ನುವ ಹಾಗೆ ನೋಡಿದರು. "ಪಾಠ ಮುಗಿದ ಮೇಲೆ ಮೇಷ್ಟ್ರೂ ಹೋಗ್ತಾರೆ, ಮಕ್ಕಳೂ ಹೋಗ್ತಾರೆ. ತಂತಿ ಬಿಚ್ಚೋಳು ನಾನು ತಾನೇ? ಹೇಗೆ ಕಟ್ಟಿದಾರೆ ಅಂತ ಬಿಚ್ಚೋವಾಗ ಗೊತ್ತಾಗತ್ತೆ."

ಹೆಡ್ ಮೇಡಂ ಪೆನ್ನು ತೆಗೆದು ಏನೋ ಗುರುತು ಹಾಕಿಕೊಂಡರು. ಅಕ್ಕ ಹೆದರಿ, ತಾವೇನೋ ತಪ್ಪು ಆಡಿದೆವೆಂದುಕೊಂಡು, ಇನ್ನಷ್ಟು ವಿವರಿಸತೊಡಗಿದರು. ಕೆಲವರು ಒಂದೇ ತಂತಿ ಸಾಕು ಅಂದುಕೊಳ್ಳುತ್ತಾರೆ, ಯಾಕೆಂದರೆ ಮನೆಯಲ್ಲಿ ಫ್ಯಾನಿಗೂ ಇಸ್ತ್ರಿಪೆಟ್ಟಿಗೆಗೂ ಕಾಣುವುದು ಒಂದೇ ಹಗ್ಗ. ಕೆಲವರು ಎರಡು ತಂತಿಯನ್ನೂ ಒಂದೇ ತುದಿಗೆ ಕಟ್ಟುತ್ತಾರೆ, ಶಕ್ತಿ ಹೆಚ್ಚು ಬರಲಿ ಅಂತ. ಎರಡು ಬಲ್ಬು ಸಾಲಾಗಿ ಹಾಕಿದರೆ ಮೊದಲನೆಯದು ಕರೆಂಟು ತಿಂದು ಎರಡನೆಯದಕ್ಕೆ ಎಂಜಲು ಬಿಡುತ್ತದೆ ಅಂತ ಜಗಳ ಆಡುತ್ತಾರೆ, ನನಗೆ ಮೊದಲ ಬಲ್ಬ್, ನನಗೆ ಮೊದಲ ಬಲ್ಬ್ ಅಂತ.

"ಮೂವತ್ತೊಂದು ವರ್ಷದಿಂದ?" ಎಂದು ಕೇಳಿದವರು ದೊಡ್ಡ ಮೇಷ್ಟ್ರು.

"ಹೂಂ ಸಾರ್."

"ಯಾಕಮ್ಮಾ ನನಗೆ ಒಂದು ದಿನವೂ ಹೇಳ್ಲಿಲ್ಲ?"

"ನಿಮಗೆ ಗೊತ್ತಿರತ್ತೆ ಅಂದ್ಕೊಂಡಿದ್ದೆ ಸಾರ್. ನೀವು ಮೇಷ್ಟ್ರು."

ಮೇಷ್ಟ್ರು ಕನ್ನಡಕ ಹಾಕಿಕೊಂಡರು. ಅವರಿಗೆ ನೋವಾಗಿತ್ತು, ಅದು ಎಲ್ಲರಿಗೂ ಕಾಣುತ್ತಿತ್ತು. ಆದರೆ ಅವರು ನೋವನ್ನು ಸಿಟ್ಟು ಮಾಡಿಕೊಳ್ಳುವ ಜಾತಿಯವರಲ್ಲ. "ನನ್ನ ಮೊದಲನೇ ಹೆಜ್ಜೆಯೇ ಮಕ್ಕಳನ್ನ ತಿಳ್ಕೋ ಅನ್ನೋದು. ಅದಕ್ಕೆ ಅಂತ ಎಷ್ಟು ರೀಮ್ ಕಾಗದ ಖರ್ಚು ಮಾಡಿದೀನಿ ನಾನು! ಗೊತ್ತಾ ಅಂತ ಕೇಳಿದ್ರೆ ಯಾವ ಮಗು ಗೊತ್ತಿಲ್ಲ ಅನ್ನತ್ತೆ? ಕೇಳ್ಬೇಕಾದವರು ಪಕ್ಕದಲ್ಲೇ ಇದ್ರು" ಎಂದರು.

ಹೊಸ ಟೀಚರ್ ಮುಖ ಅರಳಿಸಿಕೊಂಡು ಕೂರಬಹುದಿತ್ತು, ಕೂರಲಿಲ್ಲ. "ನಂದೂ ಅದೇ ಕಥೆ ಸಾರ್. ಕೊನೆಯಿಂದ ಹಿಂದಕ್ಕೆ ಬಂದೆ, ಬಂದೆ. ಮಕ್ಕಳು ಎಲ್ಲಿ ನಿಂತಿದಾರೋ ಅಲ್ಲಿತನಕ ಮಾತ್ರ ಬರ್ಲಿಲ್ಲ. ನನ್ನ ಮೂರು ಗುಂಪು ಸೋತದ್ದು ಕೂಡ ಈ 'ಪ್ರತಿ ವರ್ಷದಂತೆ'ಗಳಲ್ಲೇ."

ಹೆಡ್ ಮೇಡಂ ನೋಟ್‌ಬುಕ್ ಮುಚ್ಚಿದರು. "ಸಿ ವಿಭಾಗ ಬಾಕಿ ಇದೆಯಲ್ಲ. ಮೂರೂ ಜನ ಸೇರಿ ಮಾಡಿ."

"ಮೂರನೆಯವರು ಯಾರು ಮೇಡಂ?" ಎಂದು ಅಕ್ಕ ಸುತ್ತ ನೋಡಿದರು. ಎಲ್ಲರೂ ಅವರನ್ನೇ ನೋಡುತ್ತಿದ್ದರು.

ಆ ತಿಂಗಳು ಲ್ಯಾಬಿನ ಕಡೆಯ ಮೇಜಿನಲ್ಲಿ ಮೂವರೂ ಎಷ್ಟು ಸಲ ಕೂತರೋ ಲೆಕ್ಕವಿಲ್ಲ. ಗೋಡೆಯ ಆಚೆಯಿಂದ ನನಗೆ ತುಂಡು ತುಂಡಾಗಿ ಕೇಳುತ್ತಿತ್ತು. ರಟ್ಟಿನ ಮನೆ ಇರಲಿ ಎಂದರು ದೊಡ್ಡ ಮೇಷ್ಟ್ರು. ಗುರಿ ಕಣ್ಣಿಗೆ ಕಂಡರೆ ಮಕ್ಕಳ ಕೈ ಚುರುಕಾಗುವುದನ್ನು ಅವರು ಕಂಡಿದ್ದರು. ಸಾಮಾನಿನ ಪಟ್ಟಿ, ಹೆಚ್ಚುವರಿ ಲೆಕ್ಕ, ಸಮಯದ ಹಂಚಿಕೆ ಎಲ್ಲ ಅವರ ಮೂರನೇ ಹೆಜ್ಜೆಯ ಹಸಿರು ಕಾಗದದ ಪ್ರಕಾರವೇ ಆಗಲಿ ಎಂದಳು ಹೊಸ ಟೀಚರ್. ಅಕ್ಕನ ಪಟ್ಟಿಯಲ್ಲಿ ಮಕ್ಕಳು ಮಾಡುವ ಹನ್ನೊಂದು ತಪ್ಪುಗಳಿದ್ದವು. ಯಾವುದನ್ನು ಮೊದಲೇ ಹೇಳಿಬಿಡಬೇಕು, ಯಾವುದನ್ನು ಮಕ್ಕಳೇ ಎಡವಿ ಕಂಡುಕೊಳ್ಳಲಿ ಎಂದು ಬಿಡಬೇಕು ಎಂಬುದರ ಮೇಲೆ ಒಂದು ಇಡೀ ಮಧ್ಯಾಹ್ನ ಜಗಳವಾಯಿತು.

"ಮೂರು ಸೆಲ್ ಹಾಕಿದ್ರೆ ಸುಡತ್ತೆ ಅಂತ ಮೊದ್ಲೇ ಹೇಳಿ" ಎಂದರು ಅಕ್ಕ. "ಬಲ್ಬು ಉಳಿಯತ್ತೆ. ಒಂದೇ ತುದಿಗೆ ಕಟ್ಟೋದನ್ನ ಮಾತ್ರ ಹೇಳ್ಬೇಡಿ. ಹೇಳಿದ್ರೆ ಹೂಂ ಅಂತಾರೆ, ಕಟ್ಟೋದು ಒಂದೇ ತುದಿಗೆ."

"ಮತ್ತೇನು ಮಾಡೋದು?" ಎಂದರು ದೊಡ್ಡ ಮೇಷ್ಟ್ರು.

"ನೀವೇ ಹಾಗೆ ಕಟ್ಟಿ. ಹತ್ತತ್ತಾ ಇಲ್ವಾ ಅಂತ ಕೈ ಎತ್ತಿಸಿ. ಹತ್ತತ್ತೆ ಅಂತ ಕೈ ಎತ್ತಿದವರು ಹತ್ತದೇ ಇದ್ದದ್ದನ್ನ ಸಾಯೋತನಕ ಮರೆಯಲ್ಲ."

ಸಿ ವಿಭಾಗದ ಮೊದಲ ದಿನ ಹಾಗೇ ಮಾಡಿದರು. ಮೂವತ್ತಾರರಲ್ಲಿ ಇಪ್ಪತ್ತಮೂರು ಕೈ ಮೇಲೆ ಹೋದವು. ದೊಡ್ಡ ಮೇಷ್ಟ್ರು ಎಣಿಸಿದರು, ಇನ್ನೊಮ್ಮೆ ಎಣಿಸಿದರು, ಆಮೇಲೆ ಹಿಂದಿನ ಬೆಂಚಿನಲ್ಲಿ ಕೂತಿದ್ದ ಅಕ್ಕನ ಕಡೆ ನೋಡಿ ತಲೆದೂಗಿದರು. ಬಲ್ಬು ಹತ್ತಲಿಲ್ಲ. ತರಗತಿಯಲ್ಲಿ ಎದ್ದ ಸದ್ದು ನನ್ನ ಕೋಣೆಗೂ ಬಂತು. ಈ ಸಲ ನಾನು ಪದ್ಯ ನಿಲ್ಲಿಸಿ ಕಿವಿಗೊಟ್ಟೆ. ಕೆಲಸ ನಡೆಯುತ್ತಿರುವ ಗಲಾಟೆ ಅದು.

ನಾಲ್ಕನೇ ದಿನ ರಟ್ಟಿನ ಮನೆಗಳ ಪರೀಕ್ಷೆಗೆ ನಾವೆಲ್ಲ ಹೋಗಿ ನಿಂತೆವು. ಎಂಟು ಮನೆಗಳಲ್ಲಿ ದೀಪ ಹತ್ತಿತು. ಒಂದು ಕೋಣೆಯ ಬಲ್ಬು ತೆಗೆದರೆ ಉಳಿದವು ಆರಲಿಲ್ಲ. ಒಂಬತ್ತನೆಯ ಮನೆಯಲ್ಲಿ ಮಾತ್ರ ನಡುಕೋಣೆ ಕತ್ತಲು. ಹೊಸ ಟೀಚರ್ ಬೆರಳು ಕಚ್ಚಿಕೊಂಡಳು. ಆ ಗುಂಪಿನ ಕುಳ್ಳ ಹುಡುಗಿಯೊಬ್ಬಳು ತಂತಿಯ ಮೇಲೆ ಬೆರಳಿಟ್ಟು ಸೆಲ್ಲಿನಿಂದ ಬಲ್ಬಿಗೆ, ಬಲ್ಬಿನಿಂದ ಸೆಲ್ಲಿಗೆ ನಿಧಾನವಾಗಿ ಒಂದು ಸುತ್ತು ಬಂದಳು. ಆಮೇಲೆ ಪಕ್ಕದ ಕೋಣೆಯ ಬಲ್ಬು ಕಳಚಿ ನಡುಕೋಣೆಗೆ ಹಾಕಿದಳು. ಹತ್ತಿತು. ನಡುಕೋಣೆಯದನ್ನು ಪಕ್ಕಕ್ಕೆ ಹಾಕಿದಳು. ಹತ್ತಲಿಲ್ಲ. ಸೀದಾ ಅಕ್ಕನ ಮುಂದೆ ಹೋಗಿ ಬಲ್ಬನ್ನು ಅವರ ಅಂಗೈಲಿಟ್ಟಳು.

"ಅಕ್ಕಾ, ನಮ್ದೆಲ್ಲ ಸರಿಯಾಗೇ ಇದೆ. ನಿಮ್ಮ ಬಲ್ಬೇ ಸರಿ ಇಲ್ಲ."

ಲ್ಯಾಬಿನ ಸಾಮಾನಿನ ಬಗ್ಗೆ ಯಾರಿಂದಲೂ ಒಂದು ಮಾತು ಅನ್ನಿಸಿಕೊಂಡವರಲ್ಲ ಅಕ್ಕ. ಬಲ್ಬನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಒಳಗಿನ ತಂತಿ ತುಂಡಾಗಿತ್ತು. ನಾಚಿಕೆ ಪಡಬೇಕೋ ಹಿಗ್ಗಬೇಕೋ ತಿಳಿಯದೆ ಒಂದು ಕ್ಷಣ ನಿಂತು, ಕೊನೆಗೆ ಹುಡುಗಿಯ ಗಲ್ಲ ಹಿಂಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ದೊಡ್ಡ ಮೇಷ್ಟ್ರು, "ಒಂಬತ್ತಕ್ಕೆ ಒಂಬತ್ತೂ ಸರಿ ಅಂತ ಬರ್ಕೊಳ್ಳಿ ಮೇಡಂ" ಎಂದರು. ಬರೆಯುವ ಪರೀಕ್ಷೆಯಲ್ಲಿ ಸರಾಸರಿ ಹದಿನಾರು ಬಂತು.

ಅಷ್ಟಾದ ಮೇಲೂ ಯಾವ ಮಾದರಿ ಗೆದ್ದಿತು ಎಂದು ಯಾರೂ ಘೋಷಿಸಲಿಲ್ಲ. ಮುಂದಿನ ವರ್ಷ ಹೆಡ್ ಮೇಡಂ ಎಲ್ಲರಿಗೂ ಒಂದು ಪುಟದ ನಮೂನೆ ಹಂಚಿದರು. ಮೊದಲ ಸಾಲಿನಲ್ಲಿ, ಕೊನೆಯ ದಿನ ಮಗು ಏನು ಮಾಡಿ ತೋರಿಸಬೇಕು ಎಂದಿತ್ತು. ಕೆಳಗೆ ತಯಾರಿಯ ಪಟ್ಟಿ. ನಡುವೆ ಒಂದು ದೊಡ್ಡ ಚೌಕ: "ಮಕ್ಕಳು ಸಾಮಾನ್ಯವಾಗಿ ಎಡವುವುದು ಎಲ್ಲಿ? ಇದನ್ನು ಯಾರಿಂದ ತಿಳಿದಿರಿ?" ನಾನು ಆ ಚೌಕ ತುಂಬಲು ಗ್ರಂಥಾಲಯ ನೋಡಿಕೊಳ್ಳುವವರ ಬಳಿ ಹೋದೆ. ಮಕ್ಕಳು ನನ್ನ ಪಾಠದ ಪುಸ್ತಕಗಳನ್ನು ಯಾವ ಪುಟದಲ್ಲಿ ಓದು ನಿಲ್ಲಿಸಿ, ಮಡಚಿ ವಾಪಸು ಕೊಡುತ್ತಾರೆ ಎಂದು ಅವರು ಹೇಳಿದ್ದು ನನ್ನ ಅಹಂಕಾರವನ್ನು ಸಾಕಷ್ಟು ಇಳಿಸಿತು. ಅದು ಬೇರೆ ಮಾತು.

ಲಿಖಿತ ಪರೀಕ್ಷೆಯ ಪ್ರಶ್ನೆಪತ್ರಿಕೆಗೆ ಅಕ್ಕ ಒಂದು ಶನಿವಾರ ತಾವೂ ಉತ್ತರ ಬರೆದರು. ಮೇಷ್ಟ್ರು ತಿದ್ದಿ ಹದಿನೆಂಟು ಕೊಟ್ಟರು. ಅಕ್ಕ ಒಪ್ಪಲಿಲ್ಲ. ಏಳನೇ ಪ್ರಶ್ನೆಯ ಚಿತ್ರದಲ್ಲಿ ತಂತಿ ಬಲ್ಬಿಗೆ ತಾಗಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ, ತಾಗಿಲ್ಲ ಎಂದಾದರೆ ತಮ್ಮ ಉತ್ತರವೇ ಸರಿ ಎಂದು ಪಟ್ಟು ಹಿಡಿದರು. ಮೇಷ್ಟ್ರು ಭೂತಗನ್ನಡಿ ತರಿಸಿ ನೋಡಿದರು. ಕೂದಲೆಳೆಯಷ್ಟು ಸಂದು ನಿಜವಾಗಿಯೂ ಇತ್ತು. ಇಪ್ಪತ್ತಕ್ಕೆ ಇಪ್ಪತ್ತಾಯಿತು. ಯಜಮಾನರಿಗೆ ತೋರಿಸಲು ಆ ಹಾಳೆಯನ್ನು ಮಡಚದೆ, ರಟ್ಟಿನ ನಡುವೆ ಇಟ್ಟುಕೊಂಡು ಮನೆಗೆ ಹೋದರು.

ದೊಡ್ಡ ಮೇಷ್ಟ್ರೂ ಹೊಸ ಟೀಚರೂ ಈಗಲೂ ಚಹಾದ ಹೊತ್ತಿಗೆ ವಾದ ಮಾಡುತ್ತಾರೆ. ಆದರೆ ಪಾಠಕ್ಕೆ ಒಂದು ವಾರ ಮೊದಲು ಇಬ್ಬರೂ ಲ್ಯಾಬಿನ ಬಾಗಿಲು ತಟ್ಟುತ್ತಾರೆ. ಮೊನ್ನೆ ಆಮ್ಲ, ಪ್ರತ್ಯಾಮ್ಲದ ಪಾಠವಿತ್ತು. ನಾನು ಸೀಮೆಸುಣ್ಣ ಕೇಳಲು ಅತ್ತ ಹೋದಾಗ ಅಕ್ಕ ಸ್ಟೂಲುಗಳನ್ನು ಎಳೆದು ಹಾಕುತ್ತಿದ್ದರು.

"ಲಿಟ್ಮಸ್ ಕಾಗದದಲ್ಲಿ ಏನಾದ್ರೂ ಎಡವ್ತಾರಾ ಅಕ್ಕಾ?" ಎಂದು ಹೊಸ ಟೀಚರ್ ಕೇಳಿದಳು.

"ಕೂತ್ಕೊಳ್ಳಿ, ಕೂತ್ಕೊಳ್ಳಿ ಇಬ್ರೂ" ಎಂದು ಅಕ್ಕ ಕೈ ಒರೆಸಿಕೊಂಡರು. "ಒಂದೇ ಕಾಗದ ಎಲ್ಲಾ ಬಟ್ಟಲಿಗೂ ಅದ್ದೋದ್ರಿಂದ ಶುರು ಮಾಡೋಣ."